ಬಾಯಿಲ್ಲದ ಮಾಡೆಲ್

ಆ ಮನೆಯವರಿಗೆ ಇಸವಿ ನೆನಪಿರುತ್ತಿರಲಿಲ್ಲ, ವಿಡಿಯೋ ಗೇಮ್ ಯಂತ್ರದ ಮಾಡೆಲ್ ನೆನಪಿರುತ್ತಿತ್ತು. ಮಗಳು ಹುಟ್ಟಿದ್ದು ಮೊದಲನೇ ಬೂದು ಪೆಟ್ಟಿಗೆ ಮಾರುಕಟ್ಟೆಗೆ ಬಂದ ವರ್ಷ. ಅಡುಗೆಮನೆಗೆ ನಲ್ಲಿ ಬಂದದ್ದು ಕರಿಯ ದಪ್ಪನೆಯದು ಬಂದ ವರ್ಷ. ಮಗನ ಮದುವೆಯಾದದ್ದು ಮೂರನೇ ತಲೆಮಾರಿನ ಕೊನೆಯ ಮಾಡೆಲ್ ಬಂದ ವರ್ಷ. ಅದರ ಮೇಲಿನ ಮುಚ್ಚಳವನ್ನು ಕೈಯಲ್ಲೇ ಸರಿಸಬೇಕಿತ್ತು. ಹಾಗಾಗಿ ನೆಂಟರಿಗೆಲ್ಲ ಅವಳು ‘ಮುಚ್ಚಳದ ವರ್ಷದ ಸೊಸೆ’. ಅವಳ ಅದೃಷ್ಟ ದೊಡ್ಡದು. ಅದಕ್ಕೂ ಮೊದಲಿನ ಮಾಡೆಲ್‌ಗೆ ಅಂಗಡಿಯಲ್ಲಿ ‘ಕುಕ್ಕರ್’ ಎಂದು ಹೆಸರಿತ್ತು. ಎರಡು ಗಂಟೆ ಆಡಿದರೆ ಅದರ ಬೆನ್ನ ಮೇಲೆ ಹಾಲು ಕಾಯಿಸಬಹುದಿತ್ತು.

ಯಜಮಾನರು ಇಪ್ಪತ್ತೆರಡು ವರ್ಷ ವಿಡಿಯೋ ಗೇಮ್ ಪಾರ್ಲರ್ ನಡೆಸಿದವರು. ಎಂಟು ಟಿವಿ, ಎಂಟು ಯಂತ್ರ, ಗಂಟೆಗಿಷ್ಟು ಎಂದು ದರ, ‘ಸೋತವರು ಕಂಟ್ರೋಲರ್ ಎಸೆಯಬಾರದು’ ಎಂಬ ಬೋರ್ಡು. ಅವರದೊಂದು ಸಿದ್ಧಾಂತವಿತ್ತು: “ಕಂಪನಿಯವರು ಮೊದಲು ದಪ್ಪಗೆ ಹೆರ್ತಾರೆ, ಆಮೇಲೆ ಪಥ್ಯ ಹಾಕ್ತಾರೆ.” ಪ್ರತಿ ತಲೆಮಾರಿನಲ್ಲೂ ಮೊದಲು ಬರುವುದು ದಪ್ಪ, ಬಿಸಿ, ದುಬಾರಿ, ಸಾಲದ್ದಕ್ಕೆ ಸಿಗುವುದೂ ಇಲ್ಲ. ಮೂರು ವರ್ಷ ತಡೆದುಕೊಂಡರೆ ಅದೇ ಯಂತ್ರ ತೆಳ್ಳಗಾಗಿ, ತಣ್ಣಗಾಗಿ, ಬೆಲೆ ಇಳಿಸಿಕೊಂಡು ಬರುತ್ತದೆ. ಬುದ್ಧಿವಂತ ತೆಳುವಿಗೆ ಕಾಯುತ್ತಾನೆ. ಅಂಗಡಿ ಇಟ್ಟವನು ಎರಡಕ್ಕೂ ಕ್ಯೂ ನಿಲ್ಲುತ್ತಾನೆ. ನಿಲ್ಲುವ ಕೆಲಸ ಮಗನದು. ಬಿಡುಗಡೆಯ ದಿನ ದೊಡ್ಡ ಪೇಟೆಯ ಮಳಿಗೆಯ ಮುಂದೆ ನಿಂತು, ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಮನೆಗೆ ಬರುತ್ತಿದ್ದ. ಹದಿನಾಲ್ಕನೇ ವಯಸ್ಸಿನಿಂದ ಒಂದು ಬಿಡುಗಡೆಯನ್ನೂ ತಪ್ಪಿಸಿದವನಲ್ಲ.

ಮೂರು ವರ್ಷದ ಕೆಳಗೆ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಬಹುಪಾಲು ವಾಪಸು ಬಂದವು, ನೆನಪು ಬರಲಿಲ್ಲ. ಬರಲಿಲ್ಲ ಎನ್ನುವುದೂ ತಪ್ಪು, ಬೇಕಾದ್ದು ಬರಲಿಲ್ಲ. ಪಾರ್ಲರಿನ ಜಾಗದಲ್ಲಿ ಈಗ ಡ್ರೈಕ್ಲೀನಿಂಗ್ ಅಂಗಡಿ ಇದೆ ಎಂಬುದು ನಿಲ್ಲುತ್ತಿರಲಿಲ್ಲ, ಬೂದು ಪೆಟ್ಟಿಗೆಯ ಎಷ್ಟನೇ ಮಾಡೆಲ್‌ನಲ್ಲಿ ಬೆನ್ನಿನ ವೈರು ಸಿಕ್ಕಿಸುವ ತೂತುಗಳು ಕಡಿಮೆಯಾದವು ಎಂಬುದು ಗಟ್ಟಿಯಾಗಿ ನಿಂತಿತ್ತು.

ಹತ್ತು ತಿಂಗಳ ಹಿಂದೆ ಮಗ ಕೆಲಸದಿಂದ ಸ್ಕೂಟರಿನಲ್ಲಿ ಬರುವಾಗ ಹಿಂದಿನಿಂದ ಲಾರಿ ಹೊಡೆದು ಸತ್ತ. ಯಜಮಾನರಿಗೆ ಹೇಳಿದರು. ಅತ್ತರು, ಮಲಗಿದರು, ಎದ್ದು ಮಗನೆಲ್ಲಿ ಎಂದು ಕೇಳಿದರು. ಮತ್ತೆ ಹೇಳಿದರು. ಮೊದಲ ಸಲ ಕೇಳುವವರ ಹಾಗೆ ಮತ್ತೆ ಅತ್ತರು. ನಾಲ್ಕನೇ ದಿನ ಅಳುತ್ತ ಬಚ್ಚಲಿಗೆ ಹೋಗಿ ಬಿದ್ದು ಹುಬ್ಬು ಹರಿದುಕೊಂಡರು. ಆವತ್ತು ಅಜ್ಜಿ, ಅಂದರೆ ಅವರ ಹೆಂಡತಿ, ರಕ್ತದ ಟವೆಲ್ಲನ್ನು ಬಕೆಟ್ಟಿಗೆ ಹಾಕಿ ಕಾನೂನು ಮಾಡಿದಳು: “ಇನ್ನು ಮೇಲೆ ಯಾರೂ ಹೇಳಕೂಡದು.”

“ಕೇಳಿದ್ರೆ ಏನನ್ನಲಿ ಅಮ್ಮ?” ಎಂದಳು ಮಗಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎಲ್ಲವನ್ನೂ ಮೊದಲೇ ಅಳತೆ ಮಾಡಿಕೊಳ್ಳುವ ಅಭ್ಯಾಸ.

“ಹೊಸ ಮಾಡೆಲ್‌ಗೆ ಕ್ಯೂ ನಿಂತಿದ್ದಾನೆ ಅನ್ನು.”

ಯಜಮಾನರು ಅದನ್ನು ಒಪ್ಪಿಕೊಂಡ ಪರಿ ನೋಡಿದರೆ, ಇಷ್ಟು ದಿನ ಈ ಸರಳ ಸಂಗತಿಯನ್ನು ಯಾಕೆ ಮುಚ್ಚಿಟ್ಟಿದ್ದಿರಿ ಎನ್ನುವಂತಿತ್ತು. “ಎಷ್ಟು ತರ್ತಾನೆ?” ಎಂದರು.

“ಎರಡು,” ಎಂದಳು ಅಜ್ಜಿ.

“ನಾಲ್ಕು ಹೇಳಬೇಕಿತ್ತು. ನಿಂಗೆ ವ್ಯಾಪಾರ ಗೊತ್ತಿಲ್ಲ.”

ಸುಳ್ಳಿಗೆ ಸಾಮಾನ್ಯವಾಗಿ ಅಜ್ಞಾನಿಗಳು ಬೇಕು. ಅಜ್ಜಿ ಆರಿಸಿಕೊಂಡ ಸುಳ್ಳು, ಇಡೀ ಪೇಟೆಯಲ್ಲಿ ಯಜಮಾನರಷ್ಟು ಇನ್ನಾರಿಗೂ ತಿಳಿಯದ ವಿಷಯದ ಮೇಲೆ ಕೂತಿತ್ತು. ಊಟಕ್ಕೆ ಕೂತಾಗೆಲ್ಲ ಪರೀಕ್ಷೆ. ಅಕ್ಟೋಬರಿನ ಒಂದು ರಾತ್ರಿ ಅದು ಹೆಚ್ಚು ಬಿಗಿಯಾಯಿತು.

“ಯಾವ ಮಾಡೆಲ್‌ಗೆ ನಿಂತಿದ್ದಾನೆ?”

“ಹೊಸದಕ್ಕೆ ರೀ. ಮೊಟ್ಟೆ ಹಾಕಲಾ?”

“ಹೊಸದು ಅಂದ್ರೆ? ಬಿಳೀದು, ಗೋಪುರದ ಥರ ನಿಲ್ಲುತ್ತಲ್ಲ, ಅದು ಬಂದಾಗಿದೆ. ಅದರ ತೆಳೂನಾ?”

ಅಜ್ಜಿ ಮಗಳ ಮುಖ ನೋಡಿದಳು. ಮಗಳು ಅನ್ನ ಕಲಸುತ್ತ, “ತೆಳೂನೇ ಅಪ್ಪ,” ಎಂದಳು.

“ಹಾಗಾದ್ರೆ ಈಗಲೇ ಯಾಕೆ ನಿಂತ? ಕಂಪನಿಯವರು ತೆಳು ಬಿಡೋದು ವರ್ಷದ ಕೊನೇಲಿ, ರಜೆಗೆ ಮುಂಚೆ. ಇನ್ನೂ ಆರು ವಾರ ಇದೆ.”

“ಮುಂದೆ ಇರೋಣ ಅಂತ ನಿಂತಿದ್ದಾನೆ,” ಎಂದಳು ಅಜ್ಜಿ.

ಯಜಮಾನರು “ಜಾಣ,” ಎಂದು ಮೊಟ್ಟೆ ಹಾಕಿಸಿಕೊಂಡರು.

ಮರುದಿನ ಮಗಳು ಐದು ತಲೆಮಾರುಗಳ ದಪ್ಪ, ತೆಳು, ಬಿಡುಗಡೆಯ ತಿಂಗಳು, ಇಳಿದ ಬೆಲೆ ಎಲ್ಲವನ್ನೂ ಹಾಳೆಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿದಳು. ವೈರು ಯಾವುದು, ಹಗ್ಗ ಯಾವುದು ಎಂದು ಇಪ್ಪತ್ತೆರಡು ವರ್ಷ ತಿಳಿಯದೆ ಬದುಕಿದ್ದ ಅಜ್ಜಿ, ಹಾಲಿನ ಪಾತ್ರೆ ಹಿಡಿದು ನಿಂತು ತುಟಿಯಾಡಿಸುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದಳು.

ಸೊಸೆ ಹಾಳೆಯ ಕಡೆ ನೋಡುತ್ತಿರಲಿಲ್ಲ. ಅವಳು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಅಚ್ಚು ತೆಗೆಯುವವಳು. ಸಂಜೆ ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಹೊತ್ತು ಬಂದು ಊಟಕ್ಕೆ ಕೂತರೆ ಮಾವನವರ ಪ್ರಶ್ನೆ ಅವಳಿಗೆ ಬೇರೆಯೇ ಇರುತ್ತಿತ್ತು.

“ಫೋನ್ ಮಾಡಿದ್ನಾ ನಿನ್ನ ಗಂಡ?”

“ಮಾಡಿದ್ರು ಮಾವ.”

“ಏನಂದ?”

“ಚಳಿ ಅಂದ್ರು.”

“ಸ್ವೆಟರ್ ಕೊಟ್ಟು ಕಳಿಸ್ಲಿಲ್ವಾ ನೀನು?”

ಸೊಸೆಗೆ ಅನ್ನ ಅಲ್ಲಿಗೇ ಸಾಕಾಗುತ್ತಿತ್ತು.

ಅವಳ ಮಗಳಿಗೆ ಎಂಟು ವರ್ಷ. ಕುಳ್ಳಗೆ ದುಂಡಗಿದ್ದುದಕ್ಕೆ ಅವಳಪ್ಪ ಇಟ್ಟ ಹೆಸರು ಬಟಾಣಿ. ಬಟಾಣಿಗೆ ಅಪ್ಪ ಸತ್ತದ್ದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಅಮ್ಮನೇ ಕೂರಿಸಿಕೊಂಡು ಹೇಳಿದ್ದಳು. ಆದರೆ ಆ ಮನೆಯಲ್ಲಿ ಅಪ್ಪ ಅಡುಗೆಮನೆಯಲ್ಲಿ ಸತ್ತಿದ್ದ, ತಾತ ಇರುವ ನಡುಮನೆಯಲ್ಲಿ ಕ್ಯೂ ನಿಂತಿದ್ದ. ಬಟಾಣಿ ನಡುಮನೆಯಲ್ಲಿ ಕೂರತೊಡಗಿದಳು.

ಶಾಲೆಯಿಂದ ಬಂದವಳೇ ತಾತನ ಮಂಚ ಏರುವಳು. ತಾತ ಪಾಠ ಒಪ್ಪಿಸಿಕೊಳ್ಳುವರು.

“ಬೂದು ಪೆಟ್ಟಿಗೆಗೆ ವಯಸ್ಸಾಗಿ ಡಿಸ್ಕ್ ಓದದೇ ಹೋದ್ರೆ?”

“ತಲೆಕೆಳಗಾಗಿ ಇಟ್ಟು ಆಡಿಸಬೇಕು.”

“ಕುಕ್ಕರ್ ಬಂದಾಗ ಜನ ಯಾಕೆ ಬೈದರು?”

“ರೇಟು. ಆಮೇಲೆ ಹಳೇ ಡಿಸ್ಕ್ ಓದೋ ಚಿಪ್ ಕಿತ್ತು ಹಾಕಿದ್ರು.”

“ಶಭಾಷ್. ನಿಮ್ಮಪ್ಪ ನಿನ್ನ ವಯಸ್ಸಲ್ಲಿ ಇಷ್ಟು ಹೇಳ್ತಿರಲಿಲ್ಲ.”

“ತಾತ, ಇವತ್ತು ಅಪ್ಪ ಎಷ್ಟನೇ ನಂಬರು?”

ಯಜಮಾನರು ಕಣ್ಣು ಮುಚ್ಚಿ ಲೆಕ್ಕ ಹಾಕುವರು. “ಮುಂದೆ ನಲವತ್ತು ಜನ ಇರಬಹುದು.” ಮರುದಿನ ಮೂವತ್ತೆಂಟು. ಕೆಲವರು ಬೇಸತ್ತು ಮನೆಗೆ ಹೋಗುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ವಿವರಿಸುವರು. ಅಪ್ಪ ದಿನದಿಂದ ದಿನಕ್ಕೆ ಮುಂದೆ ಮುಂದೆ ಬರುತ್ತಿದ್ದ.

ನವೆಂಬರ್ ಮೊದಲ ವಾರ ಶಾಲೆಯವರು ಸೊಸೆಯ ಕೈಗೆ ಒಂದು ಫಾರಂ ಕೊಟ್ಟರು. ಮಕ್ಕಳೇ ತುಂಬಿದ ಫಾರಂ. ಹೆಸರು, ತರಗತಿ, ಇಷ್ಟದ ಹಣ್ಣು. ‘ತಂದೆಯ ಉದ್ಯೋಗ’ ಎಂಬಲ್ಲಿ ಬಟಾಣಿ ದುಂಡಗೆ ಬರೆದಿದ್ದಳು: ‘ಕ್ಯೂನಲ್ಲಿ ನಿಲ್ಲುವುದು.’

ಸೊಸೆ ಅಡುಗೆಮನೆಯ ಬಾಗಿಲು ಹಾಕಿ ಅದನ್ನು ಅಜ್ಜಿಯ ಮುಂದೆ, ಹೆಚ್ಚಿದ ಈರುಳ್ಳಿಯ ಪಕ್ಕ ಇಟ್ಟಳು. ಅಜ್ಜಿ ಕನ್ನಡಕ ಏರಿಸಿ ಓದಿದಳು.

“ಅಕ್ಷರ ಚೆನ್ನಾಗಿದೆ,” ಎಂದಳು.

“ಅತ್ತೆ, ನನ್ನ ಮಗಳು ಅಪ್ಪ ಬರ್ತಾರೆ ಅಂತ ಕಾಯ್ತಿದಾಳೆ.”

“ಅವಳಿಗೆ ಗೊತ್ತು ಕಣಮ್ಮ. ತಾತನ ಜೊತೆ ಆಟ ಆಡ್ತಾಳೆ.”

“ಗೊತ್ತಿರೋ ಮಕ್ಕಳು ಹೀಗೆ ಬರೀತಾರಾ?”

“ಹಾಗಾದ್ರೆ ಏನು ಮಾಡು ಅಂತೀಯ? ಅವರಿಗೆ ಐದನೇ ಸಲ ಹೇಳಿ ಸಾಯಿಸಲಾ?”

“ಮಾವಂಗೆ ಹೇಳಿ ಅಂದ್ನಾ ನಾನು? ನನ್ನ ಮಗಳ ಕಿವಿಗೆ ಬೀಳೋ ಹಾಗೆ ಹೇಳಬೇಡಿ ಅಂದೆ.”

“ಇರೋದು ಎರಡು ಕೋಣೆ, ಒಂದು ನಡುಮನೆ. ಒಬ್ಬರ ಕಿವಿ ತಪ್ಪಿಸಿ ಇನ್ನೊಬ್ಬರಿಗೆ ಸುಳ್ಳು ಹೇಳೋಕೆ ಬಂಗಲೆ ಬೇಕಮ್ಮ.”

ಸೊಸೆ ಸಿಂಕಿನಲ್ಲಿದ್ದ ತಟ್ಟೆಗಳನ್ನು ತೊಳೆಯತೊಡಗಿದಳು. ಅವಳ ಸರದಿಯಲ್ಲ, ಕೈಗೆ ಕೆಲಸ ಬೇಕಿತ್ತು. ಬೆನ್ನು ಹಾಕಿಕೊಂಡೇ ಹೇಳಿದಳು: “ಹತ್ತು ತಿಂಗಳಿಂದ ನಾನು ಗಂಡ ಇರೋಳ ಥರ ಊಟಕ್ಕೆ ಕೂರ್ತಿದೀನಿ. ಏನಂದ, ಏನಂದ ಅಂತ ಮಾವ ಕೇಳ್ತಾರೆ. ದಿನಾ ಒಂದು ಮಾತು ಹುಟ್ಟಿಸಬೇಕು. ಬದುಕಿದ್ದಾಗ ಅವರು ಇಷ್ಟು ಮಾತೇ ಆಡ್ತಿರಲಿಲ್ಲ.”

“ನಿಂಗೆ ಗಂಡ ಆದ್ರೆ ನಂಗೆ ಹೊಟ್ಟೇಲಿ ಹುಟ್ಟಿದವನು.”

“ಅದಕ್ಕೇ ಬಿಡ್ತಾ ಇಲ್ಲ ನೀವು. ಕ್ಯೂನಲ್ಲಿ ಇಟ್ಟುಕೊಂಡಿದೀರ.”

ಅಜ್ಜಿ ಈರುಳ್ಳಿಯನ್ನು ಮತ್ತೆ ಹೆಚ್ಚಿದಳು. ಆಗಲೇ ಹೆಚ್ಚಿದ್ದನ್ನೇ.

ಲ್ಯಾಬಿನವರದು ಪೇಟೆಯ ಆಚೆ ತುದಿಯಲ್ಲಿ ಇನ್ನೊಂದು ಶಾಖೆ ಇದೆ, ಮೇಲೊಂದು ಕೋಣೆ ಖಾಲಿ ಇದೆ, ತಿಂಗಳ ಕೊನೆಗೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದಳು ಸೊಸೆ.

“ನೀವೆಲ್ಲಿ ಅಂತ ಅವರು ಕೇಳಿದ್ರೆ?”

“ನಾವೂ ಕ್ಯೂಗೆ ಹೋಗಿದೀವಿ ಅನ್ನಿ.”

ಅದೇ ವಾರ ಕಂಪನಿ ನಿಜವಾಗಿಯೂ ತೆಳು ಮಾಡೆಲ್ ಪ್ರಕಟಿಸಿತು. ಬಿಡುಗಡೆ ನವೆಂಬರ್ ಇಪ್ಪತ್ತಕ್ಕೆ. ಮಗಳು ಫೋನಿನಲ್ಲಿ ಸುದ್ದಿ ನೋಡಿ ಅಡುಗೆಮನೆಗೆ ಓಡಿದಳು. ಅವಳ ಹಿಂದೆಯೇ ಬಟಾಣಿ ನಡುಮನೆಗೆ ಓಡಿದಳು. “ತಾತ, ಇಪ್ಪತ್ತನೇ ತಾರೀಖಂತೆ.”

“ನಾನು ಹೇಳಿರಲಿಲ್ವಾ,” ಎಂದರು ಯಜಮಾನರು. ಪಾರ್ಶ್ವವಾಯು ಹೊಡೆದ ಮೇಲೆ ಅವರು ಇಷ್ಟು ಖುಷಿಯಾಗಿದ್ದನ್ನು ಯಾರೂ ನೋಡಿರಲಿಲ್ಲ. ಯಾವ ಕಾರಣಕ್ಕೋ ಈ ತಾರೀಖು ಅವರಿಗೆ ಮರುದಿನವೂ ನೆನಪಿತ್ತು, ಅದರ ಮರುದಿನವೂ.

ಅಜ್ಜಿ ಒಂದು ಪ್ರಯತ್ನ ಮಾಡಿದಳು. “ಮಾಲು ಕಡಿಮೆಯಂತೆ ರೀ. ಲೇಟಾಗಬಹುದಂತೆ.”

“ಮಾಲು ಕಡಿಮೆ ಬೀಳೋದು ದಪ್ಪಕ್ಕೆ. ತೆಳುವಿಗೆ ಯಾವತ್ತೂ ಬಿದ್ದಿಲ್ಲ. ನಿಂಗೆ ಯಾರು ಹೇಳಿದ್ದು?”

ಹಾಳೆಯಲ್ಲಿ ಅದು ಬರೆದಿರಲಿಲ್ಲ.

ಆಗ ಅಜ್ಜಿ ಎರಡನೇ ಕಾನೂನು ಮಾಡಿದಳು. ಮಗಳು ಹೋಗಿ ಒಂದು ತೆಳು ಮಾಡೆಲ್‌ಗೆ ಮುಂಗಡ ದುಡ್ಡು ಕಟ್ಟಿ ಬರಬೇಕು. ಬಿಡುಗಡೆಯ ದಿನ, ಇಪ್ಪತ್ತರಂದು, ಅದು ಅಂಗಡಿಯಿಂದ ಕೊರಿಯರಿನಲ್ಲಿ ಮನೆಗೆ ಬರಬೇಕು. ‘ಮೊದಲನೇದು ಕಳಿಸಿದ್ದಾನೆ, ಉಳಿದವನ್ನು ತರಲು ಅಲ್ಲೇ ಇದ್ದಾನೆ’ ಎಂದರೆ ಇನ್ನಾರು ತಿಂಗಳು ದೂಡಬಹುದು. ಸೊಸೆಗೆ ಇದನ್ನು ಹೇಳಲಿಲ್ಲ.

“ಅಮ್ಮ, ಇದು ಅತಿಯಾಯ್ತು,” ಎಂದಳು ಮಗಳು. ಎಂದು, ಹೋಗಿ ದುಡ್ಡು ಕಟ್ಟಿದಳು.

ಇಪ್ಪತ್ತರ ಬೆಳಿಗ್ಗೆ ಬಟಾಣಿ ಶಾಲೆಗೆ ಹೋಗುವುದಿಲ್ಲ ಎಂದಳು. ಹೊಟ್ಟೆನೋವು ಎಂದಳು. ಹೊಟ್ಟೆನೋವಿನವಳು ತಾನೇ ತಲೆ ಬಾಚಿಕೊಂಡು, ಫೋಟೋ ತೆಗೆಸಲು ಹೋಗುವಾಗ ಹಾಕುವ ಹಳದಿ ಫ್ರಾಕು ಹಾಕಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕೂತಳು. ಸೊಸೆ ಮಗಳನ್ನು ನೋಡಿದಳು, ಕೈಚೀಲ ಕೆಳಗಿಟ್ಟಳು, ಲ್ಯಾಬಿಗೆ ಫೋನ್ ಮಾಡಿ ರಜೆ ಹೇಳಿದಳು. ಹೋಗಿ ಮಗಳನ್ನು ಎಬ್ಬಿಸಲು ಎರಡು ಸಲ ಬಾಗಿಲ ತನಕ ಬಂದಳು. ಎರಡು ಸಲವೂ ಆ ಬಾಚಿದ ತಲೆಯನ್ನು ಹಿಂದಿನಿಂದ ನೋಡಿ ವಾಪಸು ಹೋದಳು.

ಹನ್ನೊಂದಕ್ಕೆ ಕೊರಿಯರಿನವನು ಬಂದ. ಬಟಾಣಿ ಅವನ ಬೆನ್ನ ಹಿಂದೆ ನೋಡಿದಳು, ರಸ್ತೆಯ ಎರಡೂ ಕಡೆ ನೋಡಿದಳು. ಆಮೇಲೆ ಪೆಟ್ಟಿಗೆಯ ಹಿಂದೆ ಒಳಗೆ ಬಂದಳು.

“ನೋಡಿ, ಮಗ ಕಳಿಸಿದ್ದಾನೆ,” ಎಂದಳು ಅಜ್ಜಿ.

ಸೊಸೆ ನಾದಿನಿಯ ಕಡೆ ತಿರುಗಿದಳು. ನಾದಿನಿ ಕಿಟಕಿಯ ಕಡೆ ತಿರುಗಿದಳು.

ಯಜಮಾನರು ಬ್ಲೇಡು ಕೇಳಿದರು. ಚಮಚ ಹಿಡಿದರೆ ಅರ್ಧ ಚೆಲ್ಲುವ ಕೈ ಪೆಟ್ಟಿಗೆಯ ಅಂಟನ್ನು ಒಂದೇ ಗೆರೆಯಲ್ಲಿ ಸೀಳಿತು. ಯಂತ್ರವನ್ನು ಎತ್ತಿ ಮೊದಲು ತೂಕ ನೋಡಿದರು. “ಹಗುರ,” ಎಂದು ತಲೆಯಾಡಿಸಿದರು. ಮೂಸಿದರು. ಆಮೇಲೆ ಹೆಬ್ಬೆರಳನ್ನು ಅದರ ಬಲಬದಿಯಲ್ಲಿ ಮೇಲಿಂದ ಕೆಳಕ್ಕೆ ಸವರಿದರು. ಮತ್ತೊಮ್ಮೆ ಸವರಿದರು.

“ಇದಕ್ಕೆ ಬಾಯಿಲ್ಲ.”

ಯಾರಿಗೂ ಅರ್ಥವಾಗಲಿಲ್ಲ.

“ಡಿಸ್ಕ್ ಹಾಕೋ ಬಾಯಿ. ಇದು ಡಿಸ್ಕ್ ಇಲ್ಲದ ಮಾಡೆಲ್, ಆಟ ಎಲ್ಲ ಇಂಟರ್ನೆಟ್ಟಿಂದಲೇ ಇಳಿಸಿಕೋಬೇಕು.” ಅವರು ಮಂಚದ ಕೆಳಗೆ ಕೈ ತೋರಿಸಿದರು. ಅಲ್ಲಿ ಪಾರ್ಲರಿನ ಆರುನೂರು ಡಿಸ್ಕುಗಳು ಎಂಟು ರಟ್ಟಿನ ಪೆಟ್ಟಿಗೆಗಳಲ್ಲಿ ಇದ್ದವು. “ನಮ್ಮ ಹತ್ರ ಇಷ್ಟು ಡಿಸ್ಕ್ ಇಟ್ಕೊಂಡು ಯಾರಾದ್ರೂ ಬಾಯಿಲ್ಲದ್ದು ತರ್ತಾರಾ?”

ಅಂಗಡಿಯಲ್ಲಿ ನೋಡಲೆಂದು ಎರಡು ಬಗೆ ಇಟ್ಟಿದ್ದರು. ತೆಳು ಬೇಕು ಎಂದು ಹೋದ ಮಗಳು, ಎರಡರಲ್ಲಿ ಹೆಚ್ಚು ತೆಳ್ಳಗಿದ್ದುದನ್ನು ಆರಿಸಿದ್ದಳು.

“ಅದೇ ಸಿಕ್ಕಿತೇನೋ ರೀ. ರಶ್ಶಲ್ಲಿ,” ಎಂದಳು ಅಜ್ಜಿ.

“ನನ್ನ ಮಗ ಬಾಯಿಲ್ಲದ್ದು ತರಲ್ಲ.” ಯಜಮಾನರು ಯಂತ್ರವನ್ನು ಮಂಚದ ಮೇಲೆ ಇಟ್ಟರು. ದನಿ ಏರಲಿಲ್ಲ. ಅಂಗಡಿಯಲ್ಲಿ ಕೆಟ್ಟ ಯಂತ್ರ ಮುಂದಿಟ್ಟುಕೊಂಡು ದೋಷ ಹುಡುಕುವಾಗ ಆಡುತ್ತಿದ್ದ ದನಿ ಅದು. “ಬಿಟ್ಟಿ ಕೊಟ್ಟರೂ ತರಲ್ಲ. ಅಂದ್ರೆ ಇದನ್ನ ತಂದಿದ್ದು ಅವನಲ್ಲ. ಅವನು ಕ್ಯೂನಲ್ಲಿ ಇರಲಿಲ್ಲ.” ಬಲಬದಿಯನ್ನು ಮತ್ತೆ ಮುಟ್ಟಿದರು. “ಹೋಗೋಕೆ ಆಗಿದ್ರೆ ಹೋಗಿರ್ತಿದ್ದ. ಅವನು ಒಂದು ಸಲವೂ ತಪ್ಪಿಸಿದವನಲ್ಲ.”

ಹೆಂಡತಿಯ ಮುಖ ನೋಡಿದರು.

“ಇದ್ದಾನಾ?”

“ಇದ್ದಾರೆ ತಾತ,” ಎಂದಳು ಬಟಾಣಿ. “ಇದನ್ನ ಅತ್ತೆ ತಂದಿರ್ತಾರೆ, ಅವರಿಗೆ ಗೊತ್ತಾಗಲ್ಲ. ಅಪ್ಪ ಸಂಜೆಗೆ ಬರ್ತಾರೆ. ಇನ್ನೂ ಟೈಮಿದೆ.” ಆಮೇಲೆ ಅವಳೂ ತಿರುಗಿದಳು. “ಅಲ್ವಾ ಅಜ್ಜಿ?”

ಸೊಸೆ ಬಾಯಿ ತೆರೆದಳು. ಅಜ್ಜಿ ಕೈಯೆತ್ತಿ ತಡೆದಳು. ಮಂಚದ ಅಂಚಿನಲ್ಲಿ ಕೂತು, ಬಟಾಣಿಯ ಫ್ರಾಕಿನ ಹೆಗಲನ್ನು ಸರಿಮಾಡಿದಳು. ಗಂಡನ ಕಡೆ ನೋಡಲಿಲ್ಲ.

“ಇಲ್ಲ ಕಣೆ,” ಎಂದಳು. “ನಿಮ್ಮಪ್ಪ ಸತ್ತು ಹತ್ತು ತಿಂಗಳಾಯ್ತು. ಕ್ಯೂ ನಾನು ಕಟ್ಟಿದ್ದು.”

ಯಜಮಾನರ ಬಾಯಿಂದ ಬಂದದ್ದನ್ನು ಅಳು ಎನ್ನಬೇಕೋ ಏನೋ. ಮಗಳು ಹೋಗಿ ಅವರ ತಲೆ ಹಿಡಿದುಕೊಂಡಳು. ಬಟಾಣಿ ಅಳಲಿಲ್ಲ. ಮತ್ತೆ ಮೆಟ್ಟಿಲಿಗೆ ಹೋಗಿ ಕೂತಳು. ಸೊಸೆ ಪಕ್ಕದಲ್ಲಿ ಹೋಗಿ ಕೂತಳು. ಊಟಕ್ಕೆ ಯಾರೂ ಏಳಲಿಲ್ಲ. ಎದುರಿನ ಡ್ರೈಕ್ಲೀನಿಂಗಿನವರು ಶಟರ್ ಎಳೆಯುವ ತನಕ ಇಬ್ಬರೂ ರಸ್ತೆ ನೋಡುತ್ತ ಕೂತಿದ್ದರು.

“ಅಮ್ಮ, ಮುಂದೆ ಹನ್ನೊಂದು ಜನ ಮಾತ್ರ ಇದ್ರು,” ಎಂದಳು ಬಟಾಣಿ.

“ಹೂಂ.”

“ಅಷ್ಟೇ ಇದ್ರು.”

ಆಗ ಅಳು ಬಂತು. ಹತ್ತು ತಿಂಗಳಿನದು ಒಟ್ಟಿಗೇ ಬಂತು.

ಮರುದಿನ ಬೆಳಿಗ್ಗೆ ಯಜಮಾನರು ಎದ್ದು ಚಹಾ ಕುಡಿದು, “ಎಲ್ಲಿ ಇವನು, ಕಾಣ್ತಾ ಇಲ್ಲ?” ಎಂದರು.

ಮೂರು ದಿನ ಮಾತು ಮರೆಸಿ ನೋಡಿದರು. ಇಪ್ಪತ್ತೆರಡು ವರ್ಷ ಗಿರಾಕಿಗಳನ್ನು ಮಾತಿನಲ್ಲೇ ಕೂರಿಸಿದ್ದ ಮನುಷ್ಯನ ಮುಂದೆ ಅದು ನಡೆಯಲಿಲ್ಲ. ಮೂರನೇ ಸಂಜೆ ಅವರು ನೇರ ಬಟಾಣಿಯನ್ನೇ ಕೇಳಿದರು. ಅವಳು ಹೋಗಿ ಬಾಗಿಲಲ್ಲಿ ನಿಂತದ್ದನ್ನು ಅಜ್ಜಿ ನೋಡಿದಳು.

ನಾಲ್ಕನೇ ದಿನ ಬಟಾಣಿ ಶಾಲೆಗೆ, ಸೊಸೆ ಲ್ಯಾಬಿಗೆ ಹೋದ ಮೇಲೆ ಅಜ್ಜಿ ನಡುಮನೆಯ ಬಾಗಿಲು ಹಾಕಿದಳು. ಬಚ್ಚಲ ಚಿಲಕವನ್ನೂ ಹಾಕಿ ಬಂದು ಗಂಡನ ಪಕ್ಕ ಕೂತು ಹೇಳಿದಳು. ಬೆಳಿಗ್ಗೆ ಹೇಳಿದರೆ ರಾತ್ರಿ ಮಲಗುವ ತನಕ ನಿಲ್ಲುತ್ತಿತ್ತು. ಸಂಜೆ ಮೊಮ್ಮಗಳು ಬರುವ ಹೊತ್ತಿಗೆ ಯಜಮಾನರು ಸುಮ್ಮನೆ ಗೋಡೆ ನೋಡುತ್ತ ಕೂತಿರುತ್ತಿದ್ದರು. ಅಪ್ಪ ಎಲ್ಲಿ ಎಂದು ಅವಳನ್ನು ಕೇಳುತ್ತಿರಲಿಲ್ಲ. ಹಾಗಾಗಿ ಪ್ರತಿದಿನ ಹತ್ತು ಗಂಟೆಗೆ, ಚಹಾ ಆದ ಮೇಲೆ, ಸ್ನಾನಕ್ಕೆ ಮುಂಚೆ.

“ಅಮ್ಮ, ದಿನಾ ಅವರಿಗೆ ಯಾಕೆ ಈ ಶಿಕ್ಷೆ?” ಎಂದಳು ಮಗಳು.

“ಇಬ್ಬರಲ್ಲಿ ಒಬ್ಬರು ಮರೀತಾರೆ,” ಎಂದಳು ಅಜ್ಜಿ. “ಮರೆಯೋರ ಮೇಲೆ ಹಾಕಿದೀನಿ.”

ತಿಂಗಳ ಕೊನೆ ಬಂತು, ಹೋಯಿತು. ಸೊಸೆ ಕೋಣೆಯ ಮಾತು ಎತ್ತಲಿಲ್ಲ. ಒಂದು ಬೆಳಿಗ್ಗೆ ಅವಳು ಹೊರಡುವ ಮುಂಚೆ ಅಜ್ಜಿಯ ಚಹಾ ತಾನೇ ಸೋಸಿ ಕೊಟ್ಟು, “ಇವತ್ತು ನಾನು ಹೇಳಲಾ ಅತ್ತೆ?” ಎಂದಳು.

“ಬೇಡಮ್ಮ. ನಿನ್ನ ಬಸ್ಸು ತಪ್ಪುತ್ತೆ.”

ಡಿಸೆಂಬರಿನ ಒಂದು ಭಾನುವಾರ ಬಟಾಣಿ ಇನ್ನೂ ಮಲಗಿದ್ದಾಳೆ ಎಂದುಕೊಂಡು ಅಜ್ಜಿ ಬೇಗ ಮುಗಿಸಲು ಹೊರಟಳು. ಯಜಮಾನರು ಕೇಳಿದರು, ಕೈಯಲ್ಲಿದ್ದ ಲೋಟ ಕೆಳಗಿಟ್ಟರು, ಮುಖ ಮುಚ್ಚಿಕೊಂಡರು.

“ಯಾವಾಗ? ನಂಗ್ಯಾಕೆ ಯಾರೂ ಹೇಳಲಿಲ್ಲ?”

ಬಾಗಿಲಲ್ಲಿ ಬಟಾಣಿ ನಿಂತಿದ್ದಳು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ಅಜ್ಜಿ ಏಳಹೊರಟಳು. ಅಷ್ಟರಲ್ಲಿ ಅವಳು ಹೋಗಿ ಬಾಯಿ ಮುಕ್ಕಳಿಸಿ, ಫ್ರಾಕಿನಲ್ಲೇ ಬಾಯಿ ಒರೆಸಿಕೊಂಡು ಬಂದು ಮಂಚ ಹತ್ತಿದಳು. ತಾತನ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ದೊಡ್ಡದು, ಕೈ ಅರ್ಧಕ್ಕೂ ಎಟುಕಲಿಲ್ಲ.

“ಮೊದಲನೇ ದಿನ ಹೀಗೇ ಆಗುತ್ತೆ ತಾತ,” ಎಂದಳು. “ನಂಗೂ ಹೀಗೇ ಆಯ್ತು. ನಾಳೆಗೆ ಸ್ವಲ್ಪ ಕಡಿಮೆಯಾಗುತ್ತೆ.”

ಯಜಮಾನರು ಮುಖದಿಂದ ಕೈ ತೆಗೆದು ಅವಳನ್ನು ನೋಡಿದರು. “ಆಗುತ್ತಾ?”

“ಆಗುತ್ತೆ. ನಾಡಿದ್ದಿಗೆ ಇನ್ನೂ ಕಡಿಮೆ.”

ಅವರು ತಲೆಯಾಡಿಸಿದರು. ಅಜ್ಜಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು.